ಕಾಶಿಗೆ ಹೋಗುವಾಗ ರೈಲು, ಬರುವಾಗ ವಿಮಾನ. ಉಲ್ಟಾ ಮಾತ್ರ ಮಾಡಬೇಡಿ

ಎಪ್ಪತ್ತರ ಹತ್ತಿರದ ಅಪ್ಪ ಅಮ್ಮನನ್ನು ಬೆಂಗಳೂರಿನಿಂದ ಕಾಶಿಗೆ ಕರೆದುಕೊಂಡು ಹೋಗಬೇಕು, ವಿಮಾನ ಒಳ್ಳೆಯದಾ ರೈಲಾ, ರೈಲಿನಲ್ಲಿ ಎರಡು ದಿನ ವೇಸ್ಟ್ ಅಲ್ವಾ ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿ ಕೈ ಸುಟ್ಟುಕೊಂಡವನು.

ಡಿಸೆಂಬರ್ ಕೊನೆಯ ರಜೆ ಅದು. ಹೋಗುವಾಗ ವಿಮಾನ, ಬರುವಾಗ ರೈಲು ಅಂತ ಬುಕ್ ಮಾಡಿದೆ. ಹೋಗುವಾಗ ಹುರುಪು ಇರುತ್ತದೆ, ಬೇಗ ತಲುಪಿಬಿಡೋಣ. ಬರುವಾಗ ಹೇಗೂ ಕೆಲಸವಿಲ್ಲ, ಆರಾಮಾಗಿ ಮಲಗಿಕೊಂಡು ಬರೋಣ ಅಂತ. ಕೇಳೋಕೆ ಎಷ್ಟು ಸರಿಯಾಗಿದೆ ನೋಡಿ! ಅಪ್ಪ ಮಾತ್ರ, 'ಕಾಶಿಗೆ ಹೋಗೋದು ಅಂದ್ರೆ ರೈಲಲ್ಲೇ ಅಲ್ವೇನೋ' ಅಂದರು. ನಾನು ನಕ್ಕು ಸುಮ್ಮನಾದೆ.

ಬೆಳಗಿನ ವಿಮಾನ. ಬನಶಂಕರಿಯಿಂದ ದೇವನಹಳ್ಳಿ ನಲವತ್ತು ಕಿಲೋಮೀಟರಿಗೂ ಜಾಸ್ತಿ. ಅಮ್ಮ ನಡುರಾತ್ರಿಯೇ ಎದ್ದು ಸ್ನಾನ ಮಾಡಿ ಸೀರೆ ಉಟ್ಟು ಕೂತಿದ್ದರು. ಅಲ್ಲಿ ಹೋದರೆ ಬ್ಯಾಗ್ ತೆಗೆಯಿರಿ ಅಂದರು. ಪೂಜೆಗೆ ಅಂತ ಅಮ್ಮ ಒಣ ಕೊಬ್ಬರಿ ಗಿಟಕು ಇಟ್ಟಿದ್ದರು. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹತ್ತುವ ವಸ್ತು, ಚೆಕ್-ಇನ್ ಬ್ಯಾಗಿನಲ್ಲೂ ಹಾಕುವಂತಿಲ್ಲ. ದೇವರ ಸಾಮಾನು ಬಿಟ್ಟು ಹೊರಟೆವಲ್ಲ ಅಂತ ಅಮ್ಮನಿಗೆ ಅಲ್ಲಿಂದಲೇ ಕಸಿವಿಸಿ. ಎರಡೂವರೆ ಗಂಟೆಯಲ್ಲಿ ಬಾಬತ್‌ಪುರದ ವಿಮಾನ ನಿಲ್ದಾಣ ಬಂತು. ಅಲ್ಲಿಂದ ಊರಿಗೆ 25 ಕಿಲೋಮೀಟರ್. ಟ್ಯಾಕ್ಸಿಯಲ್ಲಿ ಇಬ್ಬರೂ ತೂಕಡಿಸಿದರು. ಕಾಶಿಯ ಮೊದಲ ದಿನ ಪೂರ್ತಿ ರೂಮಿನಲ್ಲಿ ನಿದ್ದೆ. ನಾನು ಉಳಿಸಿದೆ ಅಂದುಕೊಂಡ ಸಮಯ ಹೀಗೆ ಹೋಯಿತು.

ಕಾಶಿಯಲ್ಲಿ ಏನಾಯಿತು ಅಂತ ಹೇಳುತ್ತಾ ಕೂರುವುದಿಲ್ಲ. ಜಂಗಮವಾಡಿ ಮಠದ ಕಡೆ ಹೋದರೆ ಕನ್ನಡ ಕಿವಿಗೆ ಬೀಳುತ್ತದೆ, ಊಟಕ್ಕೆ ಸಾರು ಅನ್ನ ಹುಡುಕಿದರೆ ಸಿಗುತ್ತದೆ. ಅಷ್ಟು ಸಾಕು.

ವಾಪಸ್ ಬರುವ ಕಥೆ ಕೇಳಿ. ರೈಲಿನಲ್ಲಿ ಬಂದಿದ್ದು ತಪ್ಪಲ್ಲ, ರೈಲನ್ನು ವಾಪಸ್ಸಿಗೆ ಇಟ್ಟುಕೊಂಡಿದ್ದು ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡಿಸೆಂಬರ್ ಕೊನೆ, ಜನವರಿಯಲ್ಲಿ ಗಂಗಾ ಬಯಲಿನಲ್ಲಿ ದಟ್ಟ ಮಂಜು. ಸಿಗ್ನಲ್ ಕಾಣದೆ ಡ್ರೈವರ್ ನಿಧಾನ ಮಾಡಲೇಬೇಕು, ಯಾರನ್ನೂ ಬೈಯುವಂತಿಲ್ಲ. ಬೆಂಗಳೂರಿನಿಂದ ಹೊರಟ ರೈಲಿಗೆ ಈ ಮಂಜು ಸಿಗುವುದು ಕೊನೆಯ ರಾತ್ರಿ. ಅಷ್ಟು ಹೊತ್ತಿಗೆ ನೀವು ಬರ್ತಿನಲ್ಲಿ ಕಂಬಳಿ ಹೊದ್ದಿರುತ್ತೀರಿ. ನಾಲ್ಕು ಗಂಟೆ ತಡವಾದರೆ ಇನ್ನೂ ನಾಲ್ಕು ಗಂಟೆ ನಿದ್ದೆ. ಅತ್ತಲಿಂದ ಬರುವ ರೈಲಿಗೆ ಮಂಜು ಶುರುವಿನಲ್ಲೇ. ಆಗ ನೀವು ಎಲ್ಲಿರುತ್ತೀರಿ? ಪ್ಲಾಟ್‌ಫಾರ್ಮಿನಲ್ಲಿ, ಚಳಿಯಲ್ಲಿ, ಸೂಟ್‌ಕೇಸ್ ಮೇಲೆ. ನಾವು ಹಾಗೇ ರಾತ್ರಿಯೆಲ್ಲ ಕೂತೆವು. ಅಪ್ಪನಿಗೆ ಕೆಮ್ಮು ಹತ್ತಿತು.

ಇನ್ನೂ ಇದೆ. ಹೋಗುವಾಗ ಮನೆಯ ಚಪಾತಿ, ಪುಳಿಯೋಗರೆ, ಕೋಡುಬಳೆ ಇರುತ್ತದೆ. ಬರುವಾಗ ಬ್ಯಾಗಿನಲ್ಲಿ ಇರುವುದು ಒಗೆಯದ ಬಟ್ಟೆ, ಗಂಗಾಜಲದ ಕ್ಯಾನು, ನೆಂಟರಿಗೆ ಹಂಚುವ ಕರಿದಾರ. ತಿನ್ನುವುದಕ್ಕೆ ಏನೂ ಇಲ್ಲ. ಹೋಗುವಾಗ ಮಾತಾಡೋಕೆ ವಿಷಯವಿರುತ್ತದೆ, ಬರುವಾಗ ಎಲ್ಲರೂ ಫೋನ್ ಹಿಡಿದಿರುತ್ತಾರೆ. ಎಲ್ಲಕ್ಕಿಂತ ಮುಖ್ಯ, ಹೋಗುವಾಗ ತಡವಾದರೆ ನಷ್ಟವಾಗುವುದು ರಜೆ, ಬರುವಾಗ ತಡವಾದರೆ ನಷ್ಟವಾಗುವುದು ಕೆಲಸ. ನಾನು ರಜೆಯ ಕೊನೆಯ ರಾತ್ರಿಗೆ ಮನೆ ಸೇರುವ ಹಾಗೆ ಬುಕ್ ಮಾಡಿದ್ದೆ. ಮಧ್ಯೆ ಒಂದು ದಿನವೂ ಬಿಟ್ಟಿರಲಿಲ್ಲ. ಸೋಮವಾರ ಹನ್ನೊಂದಕ್ಕೆ ನನ್ನ ಮೀಟಿಂಗ್, ಆ ಹೊತ್ತಿಗೆ ರೈಲು ಇನ್ನೂ ಆಂಧ್ರದಲ್ಲಿತ್ತು. ಬಾಗಿಲ ಹತ್ತಿರ ನಿಂತು ನೆಟ್‌ವರ್ಕ್ ಹುಡುಕಿದೆ. ಆ ಪ್ರಾಜೆಕ್ಟ್ ಬೇರೆಯವರ ಕೈಗೆ ಹೋಯಿತು. ಅದಕ್ಕೇ ಇಷ್ಟು ಉದ್ದ ಹೇಳುತ್ತಿರುವುದು.

ಆಮೇಲೆ ಅತ್ತೆ ಮಾವನನ್ನು ಕರೆದುಕೊಂಡು ಹೋದಾಗ ತಿರುಗಿಸಿದೆ. ಸಂಘಮಿತ್ರ ಎಕ್ಸ್‌ಪ್ರೆಸ್, ದಾನಾಪುರಕ್ಕೆ ಹೋಗುವ ರೈಲು. ಇದು ಮೆಜೆಸ್ಟಿಕ್‌ನಿಂದ ಅಲ್ಲ, ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಹೊರಡುತ್ತದೆ. ಆ ನಿಲ್ದಾಣ 2022ರಲ್ಲಿ ಶುರುವಾಗಿದ್ದು, ವಯಸ್ಸಾದವರು ಇನ್ನೂ ಮೆಜೆಸ್ಟಿಕ್ ಅಂದುಕೊಂಡೇ ಇರುತ್ತಾರೆ, ಮೊದಲೇ ಹೇಳಿಡಿ. ಬೆಳಗ್ಗೆ ಹತ್ತಿದರೆ ಮೂರನೆಯ ದಿನ ಬೆಳಕು ಹರಿಯುವ ಮೊದಲು ಮೊಘಲ್‌ಸರಾಯ್, ಕಾಶಿಗೆ ಹೋಗುವವರು ಇಳಿಯಬೇಕಾದ ನಿಲ್ದಾಣ. 2018ರಿಂದ ಅದರ ಹೆಸರು ಪಂಡಿತ್ ದೀನದಯಾಳ್ ಉಪಾಧ್ಯಾಯ ಜಂಕ್ಷನ್, ಟಿಕೆಟಿನಲ್ಲಿ ಹಾಗೇ ಹುಡುಕಬೇಕು.

ಬಂಗಾರಪೇಟೆ ದಾಟುವಷ್ಟರಲ್ಲಿ ಮಾವ ಚಪ್ಪಲಿ ಬಿಚ್ಚಿ ಚಕ್ಕಂಬಕ್ಕಲ ಹಾಕಿ ಕೂತಿದ್ದರು. ಎದುರಿಗೆ ಕೋಲಾರದ ಕಡೆಯ ಒಂದು ಸಂಸಾರ, ಅವರೂ ಕಾಶಿಗೇ. ಮಧ್ಯಾಹ್ನದ ಹೊತ್ತಿಗೆ ಡಬ್ಬಿಗಳು ಆ ಕಡೆ ಈ ಕಡೆ ಓಡಾಡಿದವು. ರಾತ್ರಿ ವಿಜಯವಾಡದ ಹತ್ತಿರ ಕೃಷ್ಣಾ ಸೇತುವೆ ಬಂದಾಗ ಸದ್ದಿಗೇ ಅತ್ತೆ ಎದ್ದು ಕೂತರು, ಕತ್ತಲಲ್ಲಿ ಏನೂ ಕಾಣದಿದ್ದರೂ ಕೈ ಮುಗಿದರು. ಮಾರನೆಯ ದಿನ ನಾಗಪುರದಲ್ಲಿ ಕಿತ್ತಳೆ. ಬೈತೂಲ್ ದಾಟಿ ಇಟಾರ್ಸಿ ಬರುವ ತನಕ ಸಾತ್ಪುರದ ಕಾಡು, ಘಾಟಿ, ಸುರಂಗ. ಈ ಒಂದು ತುಂಡು ದಾರಿಗೋಸ್ಕರವೇ ನಾನು ಮತ್ತೆ ರೈಲು ಹತ್ತುತ್ತೇನೆ. ಮಾವ ಸುರಂಗ ಬಂದಾಗಲೆಲ್ಲ ಮಕ್ಕಳ ಜೊತೆ ಸೇರಿ ಕೂಗಿದರು. ಮನೆಯಲ್ಲಿ ಅವರ ಧ್ವನಿಯೇ ಕೇಳಿಸುವುದಿಲ್ಲ.

ಇಳಿದ ತಕ್ಷಣ ಟ್ಯಾಕ್ಸಿಗೆ ಓಡಬೇಡಿ. ವೇಟಿಂಗ್ ರೂಮಿನಲ್ಲಿ ಮುಖ ತೊಳೆದು, ಟೀ ಕುಡಿದು, ಬೆಳಗಾಗಲಿ ಬಿಡಿ. ಅಲ್ಲಿಂದ ಕಾಶಿಗೆ ಹೋಗುವ ದಾರಿಯಲ್ಲಿ ಗಂಗೆಯ ಮೇಲೆ ರಾಜಘಾಟಿನಲ್ಲಿ ಮಾಳವೀಯ ಸೇತುವೆ ಇದೆ, 1887ರದ್ದು, ಕೆಳಗೆ ರೈಲು, ಮೇಲೆ ರಸ್ತೆ. ಅಲ್ಲಿಂದ ಘಾಟುಗಳ ಸಾಲು ಪೂರ್ತಿ ಕಾಣುತ್ತದೆ. ಕತ್ತಲಲ್ಲಿ ದಾಟಿದರೆ ಲಾಸ್.

ವಾಪಸ್ ಮಧ್ಯಾಹ್ನದ ವಿಮಾನ ಹಿಡಿಯಿರಿ. ಬೆಳಗ್ಗಿನದಕ್ಕೂ ಮಂಜಿನ ಕಾಟವಿದೆ. ವಿಮಾನದ ಖುಷಿ ಸಿಗುವುದೇ ಆಗ. ಎರಡು ದಿನ ಕಿಟಕಿಯಲ್ಲಿ ನೋಡಿದ ನೆಲ ಎರಡೂವರೆ ಗಂಟೆಯಲ್ಲಿ ಕೆಳಗೆ ಸರಿದುಹೋಗುವುದನ್ನು ನೋಡಿ ಮಾವ, 'ಅಷ್ಟು ದೂರ ಹೋಗಿದ್ವಾ!' ಅಂದರು. ಮೊದಲೇ ಹಾರಿದ್ದರೆ ಅವರಿಗೆ ಆ ದೂರವೇ ಗೊತ್ತಾಗುತ್ತಿರಲಿಲ್ಲ. ಕಿಟಕಿ ಸೀಟಿಗೆ ದುಡ್ಡು ಕೇಳಿದರೆ ಕೊಡಿ, ಜಿಪುಣತನ ಬೇಡ. ಇಳಿಯುವಾಗ ಮೋಡ ಇಲ್ಲದಿದ್ದರೆ ನಂದಿ ಬೆಟ್ಟವೂ ಕಾಣುತ್ತದೆ.

ಹಾಗಾಗಿ ಎರಡು ದಿನ ವೇಸ್ಟ್ ಅನ್ನುವ ಮಾತನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಅಪ್ಪ ಅಮ್ಮನ ಜೊತೆ ಟಿವಿ ಇಲ್ಲದೆ, ಅಡುಗೆ ಮನೆ ಇಲ್ಲದೆ ಎರಡು ದಿನ ಕೊನೆಯ ಸಲ ಕೂತಿದ್ದು ಯಾವಾಗ? ಮಂಡಿ ಸರ್ಜರಿ ಆಗಿದ್ದರೆ, ಪದೇ ಪದೇ ಬಾತ್‌ರೂಮಿಗೆ ಹೋಗಬೇಕಾದರೆ ಬೇರೆ ಮಾತು, ಎರಡೂ ಕಡೆ ವಿಮಾನವೇ ಸರಿ. ಸರ್ಕಾರದ ಕಾಶಿ ದರ್ಶನ ರೈಲೂ ಇದೆ, 2022ರಲ್ಲಿ ಬಂತು. ಆದರೆ ಗುಂಪಿನ ಟೈಮಿಗೆ ಎದ್ದು ಓಡುವುದು ನಮ್ಮ ಮನೆಯವರಿಗೆ ಆಗುವುದಿಲ್ಲ.

ಟಿಕೆಟ್ 60 ದಿನ ಮೊದಲು ಓಪನ್ ಆಗುತ್ತದೆ, ಅವತ್ತೇ ಮಾಡಿ. ಅಪ್ಪ ಅಮ್ಮನ ಟಿಕೆಟ್ ಬೇರೆ, ನಿಮ್ಮದು ಬೇರೆ. ಕೆಳಗಿನ ಬರ್ತ್ ಕೋಟಾ 60 ತುಂಬಿದ ಗಂಡಸರಿಗೆ, 45 ತುಂಬಿದ ಹೆಂಗಸರಿಗೆ ಇದೆ, ಆದರೆ ಒಂದು ಟಿಕೆಟಿನಲ್ಲಿ ಅಂಥವರು ಒಬ್ಬರೋ ಇಬ್ಬರೋ ಇದ್ದರೆ ಮಾತ್ರ. ಮಧ್ಯೆ ನೀವು ಸೇರಿಕೊಂಡರೆ ಕೋಟಾ ಇಲ್ಲ. ಹಿರಿಯರ ರಿಯಾಯಿತಿ 2020ರಲ್ಲೇ ನಿಂತಿತು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮತ್ತೆ, ಚಟ್ನಿಪುಡಿ ಎರಡು ಡಬ್ಬಿ ಇಟ್ಟುಕೊಳ್ಳಿ. ಒಂದು ಎದುರು ಸೀಟಿನವರಿಗೇ ಹೋಗುತ್ತದೆ.