ಡ್ರಮ್ಸ್‌ನಲ್ಲಿ ರಾಕ್ ಬೀಟ್ ಬರುತ್ತದೆ. ಫಂಕ್, ರೆಗ್ಗೆ, ಸ್ವಿಂಗ್, ಸಾಂಬಾ ಎಲ್ಲ ಸೇರಿ 50 ಪ್ಯಾಟರ್ನ್ ಬೇಗ ಕಲಿಯೋದು ಹೇಗೆ? ಯಾವ ಆ್ಯಪ್ ಒಳ್ಳೇದು?

ಈ ಪಟ್ಟಿ ನಾನೂ ಮಾಡಿದ್ದೆ. ಒಂದೊಂದಕ್ಕೂ ಟಿಕ್ ಹಾಕುತ್ತಾ 38ರವರೆಗೆ ಬಂದಿದ್ದೆ. ಆಮೇಲೆ ಒಂದು ಬ್ಯಾಂಡಿನ ಜೊತೆ ಮೊದಲ ಸಲ ಪ್ರಾಕ್ಟೀಸ್‌ಗೆ ಕೂತೆ. ರೆಗ್ಗೆ ಹಾಡು, 'ಒನ್ ಡ್ರಾಪ್' ಬೀಟ್. ನನ್ನ ಪಟ್ಟಿಯಲ್ಲಿ ಅದಕ್ಕೆ ಎಂದೋ ಟಿಕ್ ಬಿದ್ದಿತ್ತು.

ಒನ್ ಡ್ರಾಪ್‌ನಲ್ಲಿ ನಾಲ್ಕು ಎಣಿಕೆಯ ಸುತ್ತು, ಅದರ ಒಂದನೇ ಎಣಿಕೆ ಖಾಲಿ. ಕಿಕ್ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್), ಸ್ನೇರ್ (ಕೋಲಲ್ಲಿ ಬಾರಿಸುವ ಚಿಕ್ಕ ಡ್ರಮ್) ಎರಡೂ ಒಟ್ಟಿಗೆ ಮೂರಕ್ಕೆ ಬೀಳುತ್ತವೆ. ಆದರೆ ರಾಕ್ ಬಾರಿಸಿ ಬಾರಿಸಿ ನನ್ನ ಕಾಲಿಗೆ ಒಂದೇ ಪಾಠ: ಕಿಕ್ ಬಿತ್ತಾ, ಅದೇ ಒಂದು. ಒಬ್ಬನೇ ಕೂತು ಬಾರಿಸುವಾಗ ಇದು ಗೊತ್ತಾಗಲೇ ಇಲ್ಲ. ಸುಮ್ನೆ ಸುತ್ತುತ್ತಿದ್ದರೆ ಎಲ್ಲಿಂದ ಶುರುವಾದರೇನು, ಅಲ್ವಾ? ಅವತ್ತು ಗಿಟಾರ್ ಮೊದಲು ಶುರುವಾಯಿತು, ಕೇಳಿಕೊಂಡು ನಾನು ಸೇರಿಕೊಂಡೆ. ಏಟು ಸರಿಯಾಗಿ ಮೂರಕ್ಕೇ ಬಿತ್ತು. ನನ್ನ ತಲೆಯಲ್ಲಿ ಮಾತ್ರ ಅದು ಒಂದು. ಗಿಟಾರ್ ಕೇಳಿಯಾದರೂ ಎಚ್ಚರವಾಗಬೇಕಿತ್ತು, ಆಗಲಿಲ್ಲ. ಅದು ಬೀಳುವುದು 2 ಮತ್ತು 4ಕ್ಕೆ. ಎರಡು ಎಣಿಕೆ ಜಾರಿದರೆ ಅದು 4 ಮತ್ತು 2 ಆಗುತ್ತದೆ, ಅಷ್ಟೇ. ಎಲ್ಲ ಚೆನ್ನಾಗಿಯೇ ಕೇಳಿಸುತ್ತಿತ್ತು!

ಎಂಟು ಸುತ್ತು ಮುಗಿಯಿತು ಅಂತ ಒಂದು ಫಿಲ್ (ಸಾಲು ಮುಗಿಸುವ ಚಿಕ್ಕ ಬಾರಿಕೆ) ಹಾಕಿ ಜೋರಾಗಿ ಕ್ರ್ಯಾಶ್ ತಟ್ಟೆ ಹೊಡೆದೆ. ಸಾಲಿನ ನಟ್ಟನಡುವೆ. ಹಾಡುತ್ತಿದ್ದವಳು ನಿಲ್ಲಿಸಿಬಿಟ್ಟಳು. ಬೇಸ್‌ನವನು ತಂತಿಯ ಮೇಲೆ ಅಂಗೈ ಇಟ್ಟು, "ಒಂದು ಎಲ್ಲಿದೆ ಹೇಳು" ಅಂದ. ನಾನು ಒಂದು ಅಂತ ತೋರಿಸಿದ್ದು ಮೂರನ್ನು. ಮುಂದಿನ ಪ್ರಾಕ್ಟೀಸ್‌ಗೆ ನನಗೆ ಕರೆ ಬರಲಿಲ್ಲ.

ಹಾಗಾಗಿ 50 ಬೇಡ, ಬೇಗವೂ ಬೇಡ. ಮೂರು ಸಾಕು: ಒನ್ ಡ್ರಾಪ್, ಸ್ವಿಂಗ್, ಸಾಂಬಾ. ಸಾಂಬಾದಲ್ಲಿ ಎರಡೇ ಎಣಿಕೆ, ದೊಡ್ಡ ಸುರ್ಡೋ ಡ್ರಮ್ಮಿನ ಭಾರ ಬೀಳುವುದು ಎರಡನೆಯದಕ್ಕೆ. ಅಲ್ಲೂ ಕಾಲು ಮೋಸ ಮಾಡುತ್ತದೆ. ಮೃದಂಗ ಕಲಿಯುವವರ ಹಾಗೆ ಮೊದಲು ಬಾಯಲ್ಲಿ ಹೇಳಿ, ಆಮೇಲೆ ಕೋಲು ಹಿಡಿಯಿರಿ. ಸ್ವಿಂಗ್‌ಗೆ 'ತಕಿಟ' ಹೇಳುತ್ತಾ 'ಕಿ' ನುಂಗಿಬಿಡಿ, ರೈಡ್ ತಟ್ಟೆಯ ಮೇಲಿನ ಆ ಕುಂಟು ನಡೆ ತಾನಾಗಿ ಬರುತ್ತದೆ. ವೇಗ ಜಾಸ್ತಿ ಆದಂತೆ ಆ ಕುಂಟು ಕಡಿಮೆಯಾಗುತ್ತದೆ, ಅದು ಕಿವಿಯಿಂದಲೇ ಬರಬೇಕು.

ಆ್ಯಪ್ ಅಂದರೆ ಒಂದೇ ವೇಗದಲ್ಲಿ ಟಿಕ್ ಟಿಕ್ ಅನ್ನುವ ಒಂದು ಮೆಟ್ರೊನೋಮ್ ಸಾಕು. ವೇಗ ಅರ್ಧಕ್ಕಿಳಿಸಿ, ಬರುವ ಪ್ರತಿ ಟಿಕ್ ಅನ್ನೂ 2, 4 ಅಂತ ಎಣಿಸಿ. ಎರಡೇ ನಿಮಿಷದಲ್ಲಿ ಅದು 1, 3 ಅಂತ ಕೇಳಿಸತೊಡಗುತ್ತದೆ. ಸುಸ್ತಾಗಿದ್ದರೆ ನನಗೆ ಈಗಲೂ ಹಾಗೇ.