ಮದುವೆಯ ಚಿತ್ರಗಳಿಗೆ ಅಪ್ಪನ ಫಿಲ್ಮ್ ಕ್ಯಾಮೆರಾ ಸಾಕೇ?

ಪ್ರಶ್ನೆ: ಬರುವ ವೈಶಾಖದಲ್ಲಿ ನಮ್ಮ ಮನೆಯಂಗಳದಲ್ಲೇ ತಂಗಿಯ ಮದುವೆ ನಡೆಯಲಿದೆ. ಅಪ್ಪನ ಕಾಲದ ಫಿಲ್ಮ್ ಕ್ಯಾಮೆರಾ ಇನ್ನೂ ಸುಸ್ಥಿತಿಯಲ್ಲಿದೆ. ಇಡೀ ಮದುವೆಯನ್ನು ಅದರಲ್ಲೇ ತೆಗೆಯಬಹುದೇ, ಡಿಜಿಟಲ್ ಬೇಕೇ?
– ಓದುಗರೊಬ್ಬರು, ಶಿರಸಿ

ಉತ್ತರ: ಮುಖ್ಯ ಕೆಲಸವನ್ನು ಡಿಜಿಟಲ್ ಕ್ಯಾಮೆರಾಕ್ಕೇ ವಹಿಸಿ ಎಂಬುದು ನನ್ನ ಖಚಿತ ಸಲಹೆ. 35 ಮಿ.ಮೀ. ರೋಲಿನಲ್ಲಿ ಸಾಮಾನ್ಯವಾಗಿ ಸಿಗುವುದು 36 ಚಿತ್ರಗಳು. ಧಾರೆಯ ಹೊತ್ತಿಗೆ ರೋಲು ಮುಗಿದರೆ ಮುಹೂರ್ತವನ್ನು ತಡೆಯಲಾಗದು. ಅದಕ್ಕಿಂತ ದೊಡ್ಡ ತೊಡಕು ಬೆಳಕಿನದು. ಸೋಗೆಯ ಚಪ್ಪರದಡಿ ಮಬ್ಬು, ಅಂಚಿನಲ್ಲಿ ಕಣ್ಣು ಕೋರೈಸುವ ಬಿಸಿಲು, ನಡುವೆ ಹೋಮದ ಹೊಗೆ ಮತ್ತು ಹಳದಿ ಬಲ್ಬುಗಳು ಒಂದೇ ಜಾಗದಲ್ಲಿ ಸೇರಿರುವಾಗ, ಐಎಸ್‌ಒ 400ರ (ಐಎಸ್‌ಒ ಎಂದರೆ ಬೆಳಕಿಗೆ ಸ್ಪಂದಿಸುವ ಸೂಕ್ಷ್ಮತೆಯ ಅಳತೆ) ಫಿಲ್ಮ್ ಹಾಕಿದವರು ರೋಲು ಮುಗಿಯುವವರೆಗೂ ಅದಕ್ಕೇ ಕಟ್ಟುಬಿದ್ದಿರಬೇಕಾಗುತ್ತದೆ. ಡಿಜಿಟಲ್‌ನಲ್ಲಾದರೋ ಚಿತ್ರದಿಂದ ಚಿತ್ರಕ್ಕೆ ಐಎಸ್‌ಒ ಬದಲಿಸಿಕೊಂಡು ಫಲಿತಾಂಶವನ್ನು ಅಲ್ಲೇ ಪರದೆಯಲ್ಲಿ ನೋಡಬಹುದು. ಎರಡು ಮೆಮೊರಿ ಕಾರ್ಡ್ ಹಿಡಿಯುವ ಕ್ಯಾಮೆರಾ ಸಿಕ್ಕರೆ, ಪ್ರತಿ ಚಿತ್ರವೂ ಎರಡರಲ್ಲೂ ಉಳಿಯುವಂತೆ ಹೊಂದಿಸಿ.

ಆದರೆ ಅಪ್ಪನವರ ಕ್ಯಾಮೆರಾವನ್ನು ದಯವಿಟ್ಟು ಕಪಾಟಿನಲ್ಲೇ ಬಿಡಬೇಡಿ. ಕಲರ್ ನೆಗೆಟಿವ್ ಫಿಲ್ಮ್ ಹೆಚ್ಚಿನ ಬೆಳಕನ್ನು ಚೆನ್ನಾಗಿ ತಾಳಿಕೊಳ್ಳುವುದರಿಂದ ಬಿಸಿಲಲ್ಲಿಯೂ ಬಿಳಿ ಪಂಚೆಯ ನೆರಿಗೆಗಳು ಅಳಿಸಿಹೋಗುವುದಿಲ್ಲ. ಅಡಿಕೆ ತೋಟದ ಅಂಚಿನಲ್ಲಿ ವಧೂವರರ, ಅಜ್ಜ-ಅಜ್ಜಿಯರ ಭಾವಚಿತ್ರಗಳಿಗೆ ಒಂದೆರಡು ರೋಲುಗಳನ್ನು ಮೀಸಲಿಡಿ. ಆಲ್ಬಮ್ಮಿನಲ್ಲಿ ಅವು ಬೇರೆಯೇ ಆಗಿ ಕಾಣುತ್ತವೆ. ಅದಕ್ಕೂ ಮೊದಲು ಲೆನ್ಸನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ. ಮಲೆನಾಡಿನ ಮಳೆಗಾಲದ ತೇವಕ್ಕೆ ಗಾಜಿನೊಳಗೆ ಜೇಡರ ಬಲೆಯಂಥ ಬೂಷ್ಟು ಬೆಳೆದಿದ್ದರೆ ಚಿತ್ರಗಳು ಮಸುಕಾಗುತ್ತವೆ. ಮದುವೆಗೆ ಸಾಕಷ್ಟು ಮುಂಚೆಯೇ ಒಂದು ರೋಲು ತೆಗೆದು, ತೊಳೆಸಿ, ಷಟರ್ ಸರಿಯಾಗಿ ನಡೆಯುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಿ.