ಚೆಂಡು ಬಲಕ್ಕೆ ಓಡ್ತದ, ಏನ್ ಮಾಡ್ಲಿ? – ಗಾಲ್ಫ್ ಪ್ರಶ್ನೋತ್ತರ

ಪ್ರಶ್ನೆ: ಶರಣ್ರಿ ಸರ್. ನಾನು ಕಲಬುರಗಿಯವನು, ವಯಸ್ಸು 46. ಹೈದರಾಬಾದಿನಲ್ಲಿ ನೌಕರಿಯಲ್ಲಿದ್ದಾಗ ಗಾಲ್ಫ್ ಹುಚ್ಚು ಹಿಡಿಯಿತು. ಈಗ ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ರೇಂಜಿನಲ್ಲಿ (ಅಭ್ಯಾಸದ ಮೈದಾನದಲ್ಲಿ) ಹೊಡೆದು ಬರುತ್ತೇನೆ. ಉಳಿದ ದಿನ ಮನೆ ಅಂಗಳದಲ್ಲೇ ಪ್ರಾಕ್ಟೀಸ್. ಡ್ರೈವರ್ (ದೂರ ಹೊಡೆಯುವ ಉದ್ದನೆಯ ಕ್ಲಬ್, ಅಂದರೆ ಗಾಲ್ಫ್ ಕೋಲು) ಹಿಡಿದರೆ ಚೆಂಡು ಎಡಕ್ಕೆ ಹೊರಟು, ಆಮೇಲೆ ಬಲಕ್ಕೆ ತಿರುಗಿ ಎಲ್ಲೋ ಹೋಗಿ ಬೀಳುತ್ತದೆ. ‘ತಲೆ ಅಲ್ಲಾಡಿಸಬೇಡ, ಎಡಗೈ ನೆಟ್ಟಗೆ ಇಡು’ ಅಂತ ಗೆಳೆಯರು ಹೇಳಿದರು. ಹಾಗೆ ಮಾಡಿದ ಮೇಲೆ ಇನ್ನೂ ಕೆಟ್ಟಿದೆ. ಮೊದಲು ಕ್ರಿಕೆಟ್ ಆಡುತ್ತಿದ್ದೆ, ಬಲಗೈ ಬ್ಯಾಟ್ಸ್‌ಮನ್.

ಉತ್ತರ: ಕೊನೆಯ ಸಾಲಿನಲ್ಲಿ ಅರ್ಧ ಉತ್ತರ ನೀವೇ ಬರೆದುಬಿಟ್ಟಿದ್ದೀರಿ. ಮಿಡ್‌ವಿಕೆಟ್ ಕಡೆ ಎತ್ತಿ ಹೊಡೆದು ರೂಢಿಯಾದ ಕೈಗಳು ಆ ಚಾಳಿಯನ್ನು ಸುಲಭಕ್ಕೆ ಬಿಡುವುದಿಲ್ಲ.

ಮೊದಲು ಚೆಂಡು ಏನು ಹೇಳುತ್ತಿದೆ ಕೇಳಿ. ಅದು ಹೊರಡುವ ದಿಕ್ಕು ಬಹುಪಾಲು ಕ್ಲಬ್ಬಿನ ಮುಖ ಎತ್ತ ನೋಡುತ್ತಿತ್ತು ಅನ್ನುವುದರ ಮೇಲೆ. ಆಮೇಲೆ ಗಾಳಿಯಲ್ಲಿ ತಿರುಗುವುದು, ಆ ಮುಖಕ್ಕೂ ಕ್ಲಬ್ ಬೀಸಿಕೊಂಡು ಬಂದ ದಾರಿಗೂ ಇರುವ ವ್ಯತ್ಯಾಸದಿಂದ. ನಿಮ್ಮ ಚೆಂಡು ಎಡಕ್ಕೆ ಹೊರಡುತ್ತದೆ, ಅಂದರೆ ಮುಖ ಸ್ವಲ್ಪ ಎಡಕ್ಕಿದೆ. ಬಲಕ್ಕೆ ತಿರುಗುತ್ತದೆ, ಅಂದರೆ ಕ್ಲಬ್ ಬಂದ ದಾರಿ ಅದಕ್ಕಿಂತ ಜಾಸ್ತಿ ಎಡಕ್ಕಿದೆ. ಹೊರಗಿನಿಂದ ಒಳಕ್ಕೆ ಅಡ್ಡ ಬೀಸುತ್ತಿದ್ದೀರಿ. ಬಲಕ್ಕೆ ಹೋಗುವ ಭಯದಿಂದ ಇನ್ನೂ ಎಡಕ್ಕೆ ಗುರಿ ಇಟ್ಟು ನಿಂತಿರೋ, ಸ್ಲೈಸ್, ಅಂದರೆ ಈ ಬಲಕ್ಕೆ ತಿರುಗುವ ಚಾಳಿ, ಇನ್ನೂ ಬೆಳೆಯುತ್ತದೆ. ಇದನ್ನು ಎಲ್ಲರೂ ಮಾಡುತ್ತಾರೆ, ನಾನೂ ಮಾಡಿದ್ದೆ.

ಆದರೆ ತಪ್ಪು ಹುಟ್ಟುವುದು ಕ್ಲಬ್ ಕೆಳಗೆ ಬರುವಾಗ ಅಲ್ಲ. ಮೇಲೆ ಹೋಗುವಾಗ, ಅದೂ ಮೊದಲ ಎರಡು ಅಡಿಯಲ್ಲಿ. ಹೆಚ್ಚಿನವರು ಬ್ಯಾಕ್‌ಸ್ವಿಂಗ್ ಅಂದರೆ ಕ್ಲಬ್ ಎತ್ತುವುದು ಅಂದುಕೊಂಡಿರುತ್ತಾರೆ. ಅದು ಎತ್ತುವ ಕೆಲಸ ಅಲ್ಲ, ತಿರುಗುವ ಕೆಲಸ. ಮಣಿಕಟ್ಟಿನಿಂದ ಕ್ಲಬ್ಬನ್ನು ಸರ್ರನೆ ಬೆನ್ನ ಹಿಂದಕ್ಕೆ ಎಳೆಯುತ್ತೀರಿ. ಆಮೇಲೆ ದಾರಿ ಇಲ್ಲದೆ ತೋಳಿನಿಂದ ಮೇಲಕ್ಕೆ ಎತ್ತುತ್ತೀರಿ. ಭುಜ ತಿರುಗಿಯೇ ಇರುವುದಿಲ್ಲ. ಹೀಗಿದ್ದಾಗ ಕೆಳಗೆ ಬರಲು ಭುಜ ಒಂದೇ ಮುಂದೆ ನುಗ್ಗುತ್ತದೆ, ಕ್ಲಬ್ ಹೊರಗೆ ಬೀಳುತ್ತದೆ.

ಇನ್ನು ಗೆಳೆಯರ ಸಲಹೆ. ತಲೆಗೆ ಮೊಳೆ ಹೊಡೆದ ಹಾಗೆ ನಿಂತು, ಎಡಗೈಯನ್ನು ಕಬ್ಬಿಣದ ಸಲಾಕೆ ಮಾಡಿಕೊಂಡರೆ ಭಾರ ಬಲಗಾಲಿಗೆ ಹೋಗುವುದೇ ಇಲ್ಲ. ಎಡಗಾಲ ಮೇಲೇ ಉಳಿದು, ಮೈ ಗುರಿಯ ಕಡೆಗೆ ವಾಲುತ್ತದೆ. ಇದಕ್ಕೆ ರಿವರ್ಸ್ ಪಿವಟ್ ಅನ್ನುತ್ತಾರೆ. ತಲೆ ಒಂದೆರಡು ಇಂಚು ಬಲಕ್ಕೆ ಹೋದರೆ ಏನೂ ಕೆಡುವುದಿಲ್ಲ. ಎಡಗೈ ಕೂಡ, ತುಂಬಿದ ಬಕೆಟ್ ಹಿಡಿದು ನಡೆಯುವಾಗ ಚಾಚಿರುತ್ತದಲ್ಲ, ಅಷ್ಟು ಸಾಕು.

ಅಂಗಳ ಅಂದಿರಿ. ಕಲಬುರಗಿ ಮನೆ ಅಂದಮೇಲೆ ಶಹಾಬಾದ್ ಕಲ್ಲು ಹಾಸಿರುತ್ತೀರಿ, ಅಲ್ವಾ? ಅದಕ್ಕಿಂತ ಒಳ್ಳೆಯ ಮೇಷ್ಟ್ರು ನಿಮಗೆ ಸಿಗುವುದಿಲ್ಲ. ಎರಡು ಕಲ್ಲಿನ ನಡುವಿನ ಸಂದು ನೇರ ಗೆರೆ. ಕಾಲ್ಬೆರಳ ತುದಿಗಳು ಒಂದು ಸಂದಿಗೆ ಸಮನಾಗಿ ಬರುವಂತೆ ನಿಲ್ಲಿ. 7 ಐರನ್ (ಲೋಹದ ತಲೆಯ ಮಧ್ಯಮ ಅಳತೆಯ ಕ್ಲಬ್) ಹಿಡಿದು, ಚೆಂಡಿಲ್ಲದೆ, ಎದೆ ತಿರುಗಿಸುತ್ತಾ ನಿಧಾನ ಹಿಂದಕ್ಕೆ ಒಯ್ಯಿರಿ. ಕ್ಲಬ್ಬಿನ ದಂಡ ಸೊಂಟದ ಎತ್ತರಕ್ಕೆ ಬಂದು ನೆಲಕ್ಕೆ ಸಮಾಂತರ ಆದಾಗ ನಿಲ್ಲಿಸಿ, ಕೆಳಗೆ ನೋಡಿ. ದಂಡ ಆ ಸಂದಿನ ಗೆರೆಗೆ ಸಮಾಂತರ ಇರಬೇಕು. ಕ್ಲಬ್ಬಿನ ತಲೆ ಬೆನ್ನ ಹಿಂದೆ ಹೋಗಿದ್ದರೆ ನಿಮ್ಮ ಕಳ್ಳ ಅಲ್ಲೇ ಸಿಕ್ಕಿಬಿದ್ದ. ಆಗ ಮುಖವನ್ನೂ ನೋಡಿ: ಪೂರ್ತಿ ಆಕಾಶ ನೋಡುತ್ತಿದ್ದರೆ ತೆರೆದಿದೆ, ಅಂದರೆ ಬೇಕಾದದ್ದಕ್ಕಿಂತ ಬಲಕ್ಕೆ ತಿರುಗಿದೆ. ನಿಮ್ಮ ಬೆನ್ನು ಎಷ್ಟು ಬಾಗಿದೆಯೋ ಸುಮಾರು ಅಷ್ಟೇ ನೆಲದ ಕಡೆ ಬಾಗಿರಬೇಕು. ದಿನಕ್ಕೆ 30 ಸಲ ಮಾಡಿ. ಕಲ್ಲಿನ ಮೇಲೆ ಜೋರಾಗಿ ಮಾತ್ರ ಬೀಸಬೇಡಿ, ಮಣಿಕಟ್ಟು ಹೋಗುತ್ತದೆ.

ತಿರುಗುವುದಕ್ಕೆ ಒಂದು ಗೋಡೆ ಬೇಕು. ಕುಂಡೆ ಗೋಡೆಗೆ ತಾಗುವಷ್ಟು ದೂರದಲ್ಲಿ ಗೋಡೆಗೆ ಬೆನ್ನು ಮಾಡಿ, ಚೆಂಡಿಗೆ ನಿಲ್ಲುವ ಹಾಗೆ ಬಾಗಿ ನಿಲ್ಲಿ. ಕ್ಲಬ್ಬನ್ನು ಎದೆಗೆ ಅಡ್ಡ ಇಟ್ಟು ಎರಡೂ ಕೈ ಕಟ್ಟಿಕೊಳ್ಳಿ. ತಿರುಗಿದಾಗ ಬಲಗಡೆ ಕುಂಡೆ ಗೋಡೆ ಬಿಡಬಾರದು, ಬಲ ಸೊಂಟ ಪಕ್ಕಕ್ಕೆ ಜಾರಲೂಬಾರದು. ಭುಜ ಸುಮಾರು 90 ಡಿಗ್ರಿ, ಸೊಂಟ ಅದರ ಅರ್ಧ. ಆಗಲಿಲ್ಲ ಅಂದರೆ ಎಡ ಹಿಮ್ಮಡಿ ಸ್ವಲ್ಪ ಏಳಲಿ. ಜಾಕ್ ನಿಕ್ಲಾಸ್ ಹಾಗೆಯೇ ಹಿಮ್ಮಡಿ ಎತ್ತಿ 18 ಮೇಜರ್ (ಗಾಲ್ಫಿನ ಅತಿ ದೊಡ್ಡ ಟೂರ್ನಿ) ಗೆದ್ದರು. ಈಗಿನ ವಿಡಿಯೋಗಳಲ್ಲಿ ‘ಎತ್ತಲೇಬಾರದು’ ಅನ್ನುವ ಇಪ್ಪತ್ತೈದರ ಹುಡುಗರ ಸೊಂಟ ಬೇರೆ, ನಮ್ಮ ಸೊಂಟ ಬೇರೆ.

ಒಂದು ತಿಂಗಳು ಡ್ರೈವರ್ ಮುಟ್ಟಬೇಡಿ. ಇನ್ನೊಂದು, ನಮ್ಮ ಕಡೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಅಂಗೈ ಬೆವರಿ ಕ್ಲಬ್ ಜಾರುತ್ತದೆ, ಗಟ್ಟಿ ಹಿಡಿಯುತ್ತೇವೆ, ತೋಳೆಲ್ಲ ಬಿಗಿಯುತ್ತದೆ. ಬೆಳಗ್ಗೆ ಬೇಗ ಆಡಿ, ಹೆಗಲ ಮೇಲೆ ಒಂದು ಟವೆಲ್ ಇರಲಿ.

ಪ್ರಶ್ನೆ: ಬೀದರ್‌ನಿಂದ. ಮೇಲೆ ಹೋದಾಗ ಕ್ಲಬ್ ನನ್ನ ತಲೆಯ ಹಿಂದೆ ಇಳಿಬೀಳುತ್ತದೆ. ಒಮ್ಮೆ ಕುತ್ತಿಗೆಗೇ ಬಡಿಯಿತು. ಉದ್ದ ಬೀಸಿದರೆ ದೂರ ಹೋಗುತ್ತದಲ್ವಾ ಸರ್?

ಉತ್ತರ: ಹೋಗುವುದಿಲ್ಲ. ಭುಜ ನಿಂತ ಮೇಲೂ ತೋಳು ಹೋಗುತ್ತಲೇ ಇದ್ದರೆ ಆ ಉದ್ದ ಬರೀ ಲೆಕ್ಕಕ್ಕೆ, ಶಕ್ತಿಗಲ್ಲ. ಜಾನ್ ಡೇಲಿಯ ಕ್ಲಬ್ಬೂ ಮೇಲೆ ಹೋಗಿ ನೆಲ ನೋಡುತ್ತಿತ್ತು, ಆದರೂ 1991ರಲ್ಲಿ ಪಿಜಿಎ ಚಾಂಪಿಯನ್‌ಷಿಪ್ ಗೆದ್ದ ಅನ್ನಬಹುದು ನೀವು. ಹೌದು. ಅವನ ಭುಜವೂ ಅಷ್ಟೇ ತಿರುಗುತ್ತಿತ್ತು.

ನಿಮ್ಮದರಲ್ಲಿ ಎರಡು ಜಾಗ ನೋಡಿ. ಎಡಗೈಯ ಕೊನೆಯ ಮೂರು ಬೆರಳು ಮೇಲೆ ಹೋದಾಗ ಬಿಚ್ಚಿಕೊಳ್ಳುತ್ತಿವೆಯಾ? ಒಂದು ಚೂರು ಕಾಗದ ಮಡಚಿ ಅಂಗೈಗೂ ಗ್ರಿಪ್ಪಿಗೂ ನಡುವೆ ಇಟ್ಟು ಬೀಸಿ. ಮೇಲೆ ಹೋದಾಗ ಅದು ಬಿದ್ದರೆ ಬೆರಳು ಬಿಚ್ಚಿದೆ. ಎರಡನೆಯದು ಎಡ ಮೊಣಕೈ ಮಡಚಿಕೊಳ್ಳುವುದು. ಅರ್ಧಕ್ಕೇ ನಿಲ್ಲಿಸಿದೆ ಅಂತ ನಿಮಗೆ ಅನಿಸುವಷ್ಟು ಬೀಸಿ, ಫೋನಿನಲ್ಲಿ ವಿಡಿಯೋ ತೆಗೆಸಿ ನೋಡಿ. ಮುಕ್ಕಾಲು ಹೋಗಿರುತ್ತದೆ. ಮೇಲೆ ಒಂದು ಉಸಿರು ನಿಂತು ಇಳಿದರೂ ಆಯಿತು. 2021ರ ಮಾಸ್ಟರ್ಸ್ ಗೆದ್ದ ಹಿಡೆಕಿ ಮತ್ಸುಯಾಮಾ ಮೇಲೆ ನಿಂತೇ ಇಳಿಯುತ್ತಿದ್ದರು.

ಹಾಂ, ಪಡಸಾಲೆಯಲ್ಲಿ ಅಭ್ಯಾಸ ಬೇಡ. ನಾನು ಒಂದು ಫ್ಯಾನಿನ ರೆಕ್ಕೆ ಬಗ್ಗಿಸಿದ್ದೇನೆ, ಮನೆಯಲ್ಲಿ ಇವತ್ತಿಗೂ ಅದರ ಮಾತು ಬರುತ್ತದೆ.

ಪ್ರಶ್ನೆ: ಯಾದಗಿರಿಯಿಂದ. ಮಗಳಿಗೆ 11 ವರ್ಷ. ಅದಿತಿ ಅಶೋಕ್ ಆಟ ನೋಡಿ ತಾನೂ ಆಡ್ತೀನಿ ಅಂತಾಳೆ. ನನ್ನ ಹಳೆ ಕ್ಲಬ್ ಕತ್ತರಿಸಿ ಕೊಡಲಾ?

ಉತ್ತರ: ಬೇಡ. ಕತ್ತರಿಸಿದರೆ ಗಿಡ್ಡ ಆಗುತ್ತದೆ, ಅಷ್ಟೇನೂ ಹಗುರ ಆಗುವುದಿಲ್ಲ. ದಂಡವೂ ಬಿರುಸಾಗುತ್ತದೆ. ಆ ಭಾರ ಎತ್ತಲು ಹೋಗಿ ಮಗು ಮೊದಲ ದಿನವೇ ಮೈಯೆಲ್ಲ ಪಕ್ಕಕ್ಕೆ ತೂಗಲು ಕಲಿಯುತ್ತದೆ. ಮಕ್ಕಳ ಅಳತೆಯ ಒಂದು ಐರನ್, ಒಂದು ಪಟರ್ (ಚೆಂಡನ್ನು ಕುಳಿಗೆ ಉರುಳಿಸುವ ಕ್ಲಬ್) ಸಾಕು. ತೂತಿರುವ ಪ್ಲಾಸ್ಟಿಕ್ ಚೆಂಡು ತನ್ನಿ. ಹಗ್ಗಕ್ಕೆ ಹಳೇ ಕೌದಿ ಇಳಿಬಿಟ್ಟು ಅದಕ್ಕೆ ಹೊಡೆಯಲಿ. ನಿಜವಾದ ಚೆಂಡಿಗೆ ಕೌದಿ ತಡೆಯಲ್ಲ, ಆ ಆಸೆ ಬಿಡಿ. ಕೈ ಎಲ್ಲಿಡಬೇಕು, ಭುಜ ಎಲ್ಲಿಡಬೇಕು ಅಂತ ಈಗಲೇ ಪಾಠ ಶುರು ಮಾಡಬೇಡಿ. ಹೊಡೆದ ಮೇಲೆ ಬೀಳದೆ, ಎಡಗಾಲ ಮೇಲೆ ನಿಂತು ಮೂರು ಎಣಿಸಲು ಹೇಳಿ, ಅಷ್ಟೇ.